ಗಡುವಿನ ಗುಡ್ಡದ ಕೆಂಪು ಹಣ್ಣು

ಹಿರೇಗುಟ್ಟೆಯ ಮೂಡಣಕ್ಕೆ, ಊರಿನಿಂದ ಅರ್ಧ ಹರಿದಾರಿ ದೂರದಲ್ಲಿ, ಬರಿ ಬಂಡೆಯದೇ ಒಂದು ಗುಡ್ಡವಿದೆ. ಕೆಳಗೆ ನಿಂತು ನೋಡಿದವರಿಗೆ ಅಲ್ಲಿ ಹುಲ್ಲುಕಡ್ಡಿಯೂ ಹುಟ್ಟಲಾರದು ಎನಿಸುತ್ತದೆ. ಹತ್ತಿ ಹೋದರೆ ಮಾತ್ರ ನೆತ್ತಿಯ ಮೇಲೆ ರಾಗಿ ಒಕ್ಕುವ ಕಣದಷ್ಟು ಅಗಲದ ಮಣ್ಣಿನ ತಗ್ಗು ಕಾಣುತ್ತದೆ. ತಗ್ಗಿನ ಅಂಚಿಗೆ ಮಲಗಿದ ಎಮ್ಮೆಯಂಥ ದೊಡ್ಡ ಬಂಡೆ, ಅದರ ಮರೆಯಲ್ಲಿ ಏಳೆಂಟು ಪೀಚ್ ಗಿಡಗಳು. ವೈಶಾಖದಲ್ಲಿ ಹೋದವರಿಗೆ ಹಣ್ಣು ಸಿಗುತ್ತದೆ. ಹಣ್ಣು ನೋಡಲು ಏನೂ ಚೆಂದವಿಲ್ಲ. ಬೂದು ಬಣ್ಣ, ಮೈತುಂಬ ತುಪ್ಪಳ. ಸಂತೆಯಲ್ಲಿಟ್ಟರೆ ಯಾರೂ ಕೈಗೆತ್ತಿಕೊಳ್ಳಲಾರರು. ಕಚ್ಚಿದರೆ ಮಾತ್ರ ಸಿಪ್ಪೆಯಿಂದ ಓಟೆಯ ತನಕ ರಕ್ತಗೆಂಪು, ರಸ ಮೊಣಕೈಗೆ ಇಳಿಯುತ್ತದೆ. ಈ ಗುಡ್ಡವನ್ನು ಊರವರು ಗಡುವಿನ ಗುಡ್ಡ ಎನ್ನುತ್ತಾರೆ. ಹೊರಗಿನಿಂದ ಬಂದವರು ಯಾವುದೋ ಅರಸ ಯಾವುದೋ ಕೋಟೆಗೆ ಗಡುವು ಕೊಟ್ಟಿರಬೇಕೆಂದು ತಮಗೆ ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಅರಸನೂ ಇರಲಿಲ್ಲ, ಕೋಟೆಯೂ ಇರಲಿಲ್ಲ. ಗಡುವು ಕೊಟ್ಟದ್ದು ಒಂದು ಹಣ್ಣಿನ ಗಿಡಕ್ಕೆ, ಅದರ ಜೊತೆಗೆ ಒಬ್ಬ ಹೆಣ್ಣುಮಗಳಿಗೆ.

ಹಿಂದೆ ಒಮ್ಮೆ, ಬಡಗಣ ಸೀಮೆಯ ಕುದುರೆ ವ್ಯಾಪಾರಿಗಳು ಈ ದಾರಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಹಿರೇಗುಟ್ಟೆಯಲ್ಲಿ ಕದಿರಪ್ಪನೆಂಬ ತೋಟಗಾರನಿದ್ದ. ಒಂದು ಮಳೆಗಾಲ ಊರ ಚಾವಡಿಯಲ್ಲಿ ತಂಗಿದ್ದ ವ್ಯಾಪಾರಿಯೊಬ್ಬನ ಕುದುರೆಗೆ ಗೊರಸು ಕೊಳೆತಾಗ ಕದಿರಪ್ಪ ಬೇವಿನೆಣ್ಣೆ ಕಟ್ಟಿ ವಾಸಿ ಮಾಡಿದನಂತೆ. ಆತ ಹೊರಡುವಾಗ ಬಟ್ಟೆಯಲ್ಲಿ ಕಟ್ಟಿದ ಒಂಬತ್ತು ಓಟೆಗಳನ್ನು ಕೊಟ್ಟು ಹೋದ. ಯಾವ ಹಣ್ಣಿನದೆಂದು ಅವನು ಹೇಳಿದ, ಇವರಿಗೆ ತಿಳಿಯಲಿಲ್ಲ. ಕದಿರಪ್ಪನೂ ಅವನ ಹೆಂಡತಿ ದ್ಯಾವಕ್ಕನೂ ಅವನ್ನು ಮನೆಯ ಹಿತ್ತಿಲಲ್ಲಿ ಹೂತರು. ಐದು ಹುಟ್ಟಿದವು. ಮೂರನೆಯ ವರ್ಷ ನಾಲ್ಕು ಗಿಡ ಕಾಯಿ ಕಚ್ಚಿದಾಗ ಗಂಡ ಹೆಂಡಿರಿಗೆ ತಲೆ ಕೆಟ್ಟಿತು. ಒಂದರ ಹಣ್ಣು ನಿಪ್ಪಟ್ಟಿನಂತೆ ಚಪ್ಪಟೆ. ಇನ್ನೊಂದಕ್ಕೆ ತುಪ್ಪಳವೇ ಇಲ್ಲ, ಎಣ್ಣೆ ಹಚ್ಚಿದ ಹಾಗೆ ನುಣುಪು. ಮತ್ತೊಂದರ ಒಳಗೆ ಬಿಳಿ, ಮಗದೊಂದರ ಒಳಗೆ ಅರಿಶಿನ. ಒಂದೇ ಗಂಟಿನಲ್ಲಿ ಬಂದವು ಒಂದೊಂದೂ ಒಂದೊಂದು ಥರ. ಐದನೆಯದು ಮಾತ್ರ ಕಾಯಿಯನ್ನೇ ಬಿಡದೆ ಮೊಂಡು ಹಿಡಿದು ನಿಂತಿತು.

ದ್ಯಾವಕ್ಕನಿಗೆ ಆ ಗಿಡಗಳ ಹುಚ್ಚು ಹಿಡಿಯಿತು. ಬೆಳಗಾದರೆ ಹಿತ್ತಿಲು, ಸಂಜೆಯಾದರೆ ಹಿತ್ತಿಲು. ಯಾವುದು ದೊಡ್ಡ ಹೂ ಬಿಡುತ್ತದೆ, ಯಾವುದು ಸಣ್ಣದು, ಯಾವುದರ ಓಟೆ ತಿರುಳಿನಿಂದ ಬಿಡುತ್ತದೆ, ಯಾವುದು ಅಂಟಿಕೊಂಡೇ ಇರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬಿದ್ದ ಓಟೆಗಳಿಂದ ಹುಟ್ಟಿದ ಸಸಿಗಳನ್ನು ಸಾಲಾಗಿ ನೆಟ್ಟು, ಯಾವುದು ಯಾವ ತಾಯಿಯನ್ನು ಹೋಲುತ್ತದೆಂದು ನೋಡುತ್ತಿದ್ದಳು. ಎಲ್ಲವೂ ತಾಯಿಯನ್ನು ಹೋಲುವುದಿಲ್ಲ ಎಂಬುದನ್ನೂ ಕಂಡುಕೊಂಡಳು. ಕೊನೆಗೆ ಅವಳಿಗೆ ಒಂದು ಗುಟ್ಟು ಸಿಕ್ಕಿತು: ಹಣ್ಣಿನ ಒಳಬಣ್ಣವನ್ನು ಎಲೆ ಮೊದಲೇ ಹೇಳಿಬಿಡುತ್ತದೆ. ಅರಿಶಿನ ತಿರುಳಿನ ಗಿಡ ಚಳಿಗಾಲದಲ್ಲಿ ಎಲೆ ಉದುರಿಸುವಾಗ ಎಲೆಯೂ ಅರಿಶಿನವಾಗುತ್ತಿತ್ತು. ಬಿಳಿ ತಿರುಳಿನದು ಹಸಿರಾಗಿಯೇ ಬಾಡುತ್ತಿತ್ತು. ಮೊಂಡು ಹಿಡಿದ ಐದನೆಯ ಗಿಡದ ಎಲೆಗೆ ಮಾತ್ರ ನಡುನರ ಕೆಂಪಗಿತ್ತು. ಇದು ಏನು ಹೇಳುತ್ತಿದೆಯೆಂದು ಅವಳಿಗೂ ತಿಳಿಯಲಿಲ್ಲ.

ಗಂಡನ ಹುಚ್ಚು ಬೇರೆಯದು. ಅವನಿಗೆ ಇವುಗಳ ಹೆಸರು ಬೇಕಾಗಿತ್ತು. ಮುಂದಿನ ಸಲ ಕುದುರೆ ತಂಡ ಬಂದಾಗ, 'ಇವುಗಳ ತೌರೂರಿಗೇ ಹೋಗಿ ಹೆಸರು ಕೇಳ್ಕೊಂಡು ಬರ್ತೀನಿ' ಎಂದು ದ್ಯಾವಕ್ಕನಿಗೆ ಹೇಳಿ, ನಸುಕಿನಲ್ಲೇ ಅವರ ಜೊತೆ ಹೊರಟೇಬಿಟ್ಟ. ತಾಯಿ ಅಕ್ಕಯ್ಯಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಆಕೆ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳು, ಅಂಥ ತಾಯಿ. ಹೋಗುವ ಹಿಂದಿನ ದಿನ ಐದನೆಯ ಗಿಡದ ಬುಡ ಅಗೆದು ಗೊಬ್ಬರ ಹಾಕಿ ಮುಚ್ಚಿದ್ದ. ಒಂದು ವರ್ಷವಾಯಿತು, ಎರಡಾಯಿತು, ಕದಿರಪ್ಪ ಬರಲಿಲ್ಲ. ಊರಿನಲ್ಲಿ ಯಾರೂ ಅವನು ಹೋದದ್ದನ್ನು ಕಂಡಿರಲಿಲ್ಲ; ದ್ಯಾವಕ್ಕ ಹೇಳಿದ್ದೇ ಸಾಕ್ಷಿ.

ಎರಡನೆಯ ವರ್ಷದ ವೈಶಾಖದಲ್ಲಿ ಆ ಮೊಂಡು ಗಿಡ ಹನ್ನೊಂದು ಹಣ್ಣು ಕೊಟ್ಟಿತು. ಮೊದಲ ಹಣ್ಣನ್ನು ದ್ಯಾವಕ್ಕ ಅತ್ತೆಗೆ ಕೊಟ್ಟಳು. ಅಕ್ಕಯ್ಯಮ್ಮ ಕಚ್ಚಿದಳು, ಕೆಂಪು ರಸ ಗಲ್ಲದಿಂದ ಸೆರಗಿಗೆ ಇಳಿಯಿತು. ಮುದುಕಿ ಅದನ್ನು ನೋಡಿದಳು, ಗಿಡದ ಬುಡ ನೋಡಿದಳು, ಮಗ ಕಾಣೆಯಾದ ದಿನ ಅಲ್ಲಿ ಹಸಿಮಣ್ಣು ಇದ್ದದ್ದು ನೆನಪಾಯಿತು. 'ಅಯ್ಯೋ, ಇದು ನನ್ನ ಮಗನ ರಕ್ತ!' ಎಂದು ಆಕೆ ಹಾಕಿದ ಕೂಗಿಗೆ ಊರೇ ಹಿತ್ತಿಲಿಗೆ ಬಂದಿತು. ಆಕೆ ಕೆಟ್ಟವಳಲ್ಲ. ಎರಡು ವರ್ಷ ದಾರಿ ನೋಡಿದ ಕಣ್ಣಿಗೆ ಮೊದಲು ಕಂಡದ್ದನ್ನು ನಂಬಿದಳು, ಅಷ್ಟೇ.

ಅಗೆದು ನೋಡಿದರು. ಮೂಳೆಗಳು ಸಿಕ್ಕವು. ಹಣ್ಣಿನ ಗಿಡಕ್ಕೆ ಕುರಿಮೂಳೆ ಜಜ್ಜಿ ಹಾಕುವುದು ತೋಟದವರ ಪದ್ಧತಿ. ಆದರೆ ಜಜ್ಜಿದ ಚೂರನ್ನು ಕೈಯಲ್ಲಿ ಹಿಡಿದು ಇದು ಕುರಿಯದು, ಇದು ಮನುಷ್ಯನದು ಎಂದು ಹೇಳುವವರು ಯಾರು? ಗಿಡವನ್ನು ಕಡಿದು ಸುಡಬೇಕು, ಸೊಸೆಯನ್ನು ಊರಾಚೆ ಅಟ್ಟಬೇಕು ಎಂದು ನ್ಯಾಯ ಕೂತವರು ಹೇಳಿದರು. ದ್ಯಾವಕ್ಕನಿಗೆ ತೌರಿನಲ್ಲಿ ಯಾರೂ ಉಳಿದಿರಲಿಲ್ಲ. ಗಂಡ ತಿರುಗಿ ಬಂದರೆ ಹುಡುಕಿಕೊಂಡು ಬರುವುದಕ್ಕೆ ಈ ಮನೆಯೊಂದೇ ಗುರುತು. ಅವಳು ಊರ ಮುಖ್ಯಸ್ಥ ಸೊಣ್ಣೇಗೌಡನ ಮುಂದೆ ನಿಂತು, 'ಗೌಡ್ರೇ, ಈ ಕೆಂಪು ಬಣ್ಣ ಮಣ್ಣಿಂದ ಬಂತೋ ಓಟೆಯಿಂದ ಬಂತೋ ನೋಡಾನ. ಇನ್ನೂ ಹತ್ತು ಹಣ್ಣವೆ. ನರಮನುಷ್ಯರನ್ನ ಹೂಳದೇ ಇರೋ ಜಾಗದಾಗೆ ನೀವೇ ನಿಮ್ಮ ಕೈಯಾರ ಇದರ ಓಟೆ ಹೂಳಿ. ಅಲ್ಲೂ ಕೆಂಪು ಬಂದ್ರೆ ನಾನು ಸುದ್ಧ. ಬಿಳಿ ಬಂದ್ರೆ ನಾನೇ ಎದ್ದು ಹೋಗ್ತೀನಿ' ಎಂದಳು. ಸೊಣ್ಣೇಗೌಡ ನಿಧಾನಿ. ಅವನ ನಿಧಾನವನ್ನು ಊರವರು ಗೇಲಿ ಮಾಡುತ್ತಿದ್ದರು. ಅಂದು ಆ ನಿಧಾನವೇ ಅವಳ ಪಾಲಿನ ದೇವರಾಯಿತು. ಮೂಡಣದ ಈ ಬರಿಬಂಡೆಯ ಗುಡ್ಡದ ನೆತ್ತಿಯ ಮಣ್ಣಿನಲ್ಲಿ ಹೆಣ ಹೂತವರಿಲ್ಲವೆಂದು ಎಲ್ಲರೂ ಒಪ್ಪಿದರು. ಮೂರು ವರ್ಷ ಗಡುವು. ಅಷ್ಟು ದಿನ ಅತ್ತೆ ಸೊಸೆ ಒಂದೇ ಮನೆಯಲ್ಲಿರಬೇಕು, ಮನೆಗೊಂದು ಸರದಿಯಂತೆ ಊರವರು ನೀರು ಹೊರಬೇಕು, ದ್ಯಾವಕ್ಕ ಗುಡ್ಡಕ್ಕೆ ಕಾಲಿಡಬಾರದು.

ಹತ್ತು ಓಟೆಗಳಲ್ಲಿ ನಾಲ್ಕು ಹುಟ್ಟಿದವು ಎಂದು ಕೇಳಿ ದ್ಯಾವಕ್ಕನಿಗೆ ಜೀವ ಬಂದಂತಾಯಿತು. ಆದರೆ ಮನೆಯೊಳಗೆ ಸುಖವಿರಲಿಲ್ಲ. ಅಕ್ಕಯ್ಯಮ್ಮ ಸೊಸೆ ಮಾಡಿದ ಅನ್ನ ಮುಟ್ಟಲಿಲ್ಲ. ತನ್ನ ಪಾಡಿಗೆ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿಕೊಂಡು ಅರೆಹೊಟ್ಟೆ ಉಣ್ಣುತ್ತಿದ್ದಳು. ಸೊಸೆಯೊಡನೆ ಮಾತು ಬಿಟ್ಟಿದ್ದಳು; ಹೇಳಲೇಬೇಕಾದ ಮಾತಿದ್ದರೆ ಬೀಸುಕಲ್ಲಿಗೆ ಹೇಳುತ್ತಿದ್ದಳು. 'ಬೀಸುಕಲ್ಲೇ, ಉಪ್ಪು ಮುಗೀತು.' ದ್ಯಾವಕ್ಕನೂ ಬೀಸುಕಲ್ಲಿಗೇ ಉತ್ತರ ಕೊಡುತ್ತಿದ್ದಳು. ಆ ಮೂರು ವರ್ಷ ಆ ಬೀಸುಕಲ್ಲು ಕೇಳಿದಷ್ಟು ಮಾತನ್ನು ಊರ ಪೂಜಾರಿಯೂ ಕೇಳಿರಲಾರ ಎಂದು ಹಿರಿಯರು ಈಗಲೂ ನಗುತ್ತಾರೆ. ಆ ಮನೆಯ ಸರದಿ ಬಂದಾಗ ಮಂಡಿನೋವಿನ ಮುದುಕಿಯೇ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದಳು. ನಾವು ಹೊರುತ್ತೇವೆ ಎಂದವರಿಗೆ ಕೊಡ ಕೊಡಲಿಲ್ಲ.

ಎರಡನೆಯ ವರ್ಷದ ಒಂದು ಸಂಜೆ ಅಕ್ಕಯ್ಯಮ್ಮ ಗುಡ್ಡದಿಂದಿಳಿದು ಬಂದು ಬೀಸುಕಲ್ಲಿನ ಮುಂದೆ ಕೂತಳು. 'ಬೀಸುಕಲ್ಲೇ, ಮೂರು ಗಿಡಕ್ಕೆ ಕೆಂಪು ರೋಗ ಬಂದಿತ್ತಂತೆ, ಎಲೆ ನರ ಎಲ್ಲ ಕೆಂಪು. ಒಳ್ಳೇದಕ್ಕೂ ಹತ್ತೀತು ಅಂತ ಗೌಡ್ರು ಕಿತ್ತು ಬಿಸಾಕ್ಸಿದ್ರು. ಹಸುರಾಗಿರೋದು ಒಂದು ನಿಂತದೆ' ಎಂದಳು. ದ್ಯಾವಕ್ಕನ ಕೈ ಒರಳಿನಲ್ಲೇ ನಿಂತಿತು. ಸಸಿಯೆಲ್ಲ ತಾಯಿಯಂತಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಸಿರು ನರದ ಗಿಡ ಬಿಳಿ ಹಣ್ಣನ್ನೇ ಕೊಡುತ್ತದೆಂದೂ ಗೊತ್ತಿತ್ತು. ಗೌಡ ಒಳ್ಳೆಯ ಮನಸ್ಸಿನಿಂದಲೇ ಅವಳ ಮೂರು ಸಾಕ್ಷಿಗಳನ್ನು ಬೇರುಸಹಿತ ಕಿತ್ತು ಹಾಕಿಸಿದ್ದ. 'ಬೀಸುಕಲ್ಲೇ, ಅದು ರೋಗ ಅಲ್ಲ. ಕೆಂಪು ನರದ್ದೇ ಕೆಂಪು ಹಣ್ಣು ಬಿಡೋದು. ನಿಂತಿರೋದು ಬಿಳಿ ಬಿಡ್ತದೆ. ನನ್ನ ಕತೆ ಮುಗೀತು' ಎಂದಳು. ಅತ್ತೆ ಎದ್ದು ಖಾಲಿ ಕೊಡವನ್ನು ಮೂಲೆಗಿಟ್ಟಳು. ಮರುದಿನ ದ್ಯಾವಕ್ಕ ಗೌಡನ ಬಳಿಗೆ ಹೋಗಿ ಇದನ್ನೇ ಹೇಳಿದಳು. ಗೌಡ ಗಡ್ಡ ಸವರಿಕೊಂಡು, 'ಹಣ್ಣು ಬರೋಕ್ ಮುಂಚೇನೇ ನೆಪ ಹೇಳಿದ್ರೆ ಹೆಂಗಮ್ಮಾ?' ಎಂದುಬಿಟ್ಟ. ನಿಧಾನಿಯಾದವನು ಒಮ್ಮೊಮ್ಮೆ ಅರ್ಥ ಮಾಡಿಕೊಳ್ಳುವುದರಲ್ಲೂ ನಿಧಾನಿ.

ಉಳಿದ ಒಂದು ವರ್ಷಕ್ಕೂ ಹೆಚ್ಚು ಕಾಲ ಸೋಲು ಗೊತ್ತಿದ್ದೂ ಬದುಕುವ ಪಾಡು ದ್ಯಾವಕ್ಕನದಾಯಿತು. ಹಿತ್ತಿಲ ಗಿಡಗಳಿಗೆ ನೀರು ಹಾಕುವಾಗ, ನಾನು ಹೋದ ಮೇಲೆ ಈ ಚಪ್ಪಟೆ ಹಣ್ಣನ್ನು ಯಾರು ಗುರುತಿಸುತ್ತಾರೆ, ಈ ನುಣುಪಿನದನ್ನು ರೋಗವೆಂದು ಯಾರು ಕೀಳುತ್ತಾರೆ ಎಂದು ಕಣ್ಣೀರು ಹಾಕುತ್ತಿದ್ದಳು. ಅತ್ತೆ ಈಚೆಗೆ ಸರದಿಯಿಲ್ಲದ ದಿನವೂ ಕೊಡ ಹೊತ್ತು ಹೋಗುತ್ತಿದ್ದಳು. ಮಗನಿಗಾಗಿ ಒಬ್ಬಳೇ ಕೂತು ಅಳುವುದಕ್ಕೆ ಹೋಗುತ್ತಾಳೆ ಎಂದುಕೊಂಡು ಸೊಸೆ ಕೇಳಲಿಲ್ಲ.

ಗಡುವಿನ ದಿನ ಊರೆಲ್ಲ ಗುಡ್ಡ ಹತ್ತಿತು. ದ್ಯಾವಕ್ಕ ಎರಡು ಸೀರೆಯ ಗಂಟು ಕಟ್ಟಿಕೊಂಡೇ ಹತ್ತಿದಳು. ಮೂರು ವರ್ಷದ ಮೇಲೆ ಮೊದಲ ಸಲ ಆ ಗಿಡ ನೋಡಿದಳು: ಆಳೆತ್ತರ, ಹಸಿರೋ ಹಸಿರು, ತುಂಬ ಹಣ್ಣು. ಸೊಣ್ಣೇಗೌಡ ಒಂದನ್ನು ಕಿತ್ತು ಚೂರಿಯಿಂದ ಸೀಳಿದ. ಒಳಗೆ ಹಾಲಿನಂತೆ ಬಿಳಿ. ಇನ್ನೊಂದು ಸೀಳಿದ, ಅದೂ ಬಿಳಿ. ದ್ಯಾವಕ್ಕ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿಯಲು ತಿರುಗಿದಳು.

'ನಿಲ್ಲೇ ದ್ಯಾವಿ' ಎಂದಳು ಅಕ್ಕಯ್ಯಮ್ಮ. ಮೂರು ವರ್ಷದಲ್ಲಿ ಸೊಸೆಗೆಂದು ಆಡಿದ ಮೊದಲ ಮಾತು. ಆಕೆ ಮಂಡಿ ಹಿಡಿದುಕೊಂಡು ದೊಡ್ಡ ಬಂಡೆಯ ಹಿಂದಕ್ಕೆ ನಡೆದಳು, ಜನ ಹಿಂಬಾಲಿಸಿತು. ಅಲ್ಲಿ ಸೊಟ್ಟ ಸೊಟ್ಟಗೆ ಬೆಳೆದ ಒಂದು ಕುಳ್ಳು ಗಿಡ. ಎಲೆಯ ನಡುನರ ಕೆಂಪು. ಕೊಂಬೆಯಲ್ಲಿ ಎರಡೇ ಎರಡು ಹಣ್ಣು. ಮೂರು ಸಸಿಗಳನ್ನು ಕಿತ್ತೆಸೆದ ಸಂಜೆ ಆ ಕೆಂಪು ನರ ನೋಡಿ ಮುದುಕಿಗೆ ಮಗನೇ ಬಿಸಿಲಲ್ಲಿ ಬಿದ್ದಿದ್ದಾನೆ ಎನಿಸಿತ್ತಂತೆ. ಬಿಟ್ಟು ಬರಲಾಗದೆ, ಜೀವವಿದ್ದ ಒಂದನ್ನು ಬಂಡೆಯ ಮರೆಯಲ್ಲಿ ಊರಿ, ತನ್ನ ಕೊಡದ ನೀರು ಹಾಕಿ ಸಾಕಿದ್ದಳು. ಆ ಸಂಜೆ ಮನೆಗೆ ಬಂದ ಮೇಲೆ ಬೀಸುಕಲ್ಲು ಸೊಸೆಯ ಮಾತು ಕೇಳಿದಾಗ ಅವಳೂ ಕೇಳಿದ್ದಳು. ಹೇಳಿದ ಮೇಲೆ ಗಿಡ ಸತ್ತರೆ ಸೊಸೆ ಇನ್ನೊಮ್ಮೆ ಸಾಯಬೇಕಾಗುತ್ತದೆಂದು ಬಾಯಿ ಕಟ್ಟಿಕೊಂಡಿದ್ದಳು. 'ಗೌಡ್ರೇ, ಇದೂ ನೀವು ಹೂತ ಓಟೇನೇ, ಇದೂ ಗುಡ್ಡದ ಮಣ್ಣೇ. ಕುಯ್ರಿ' ಎಂದಳು.

ಗೌಡ ಕುಯ್ದ. ರಸ ಚೂರಿಯ ಹಿಡಿಯ ತನಕ ಕೆಂಪಗೆ ಇಳಿಯಿತು. ಅಷ್ಟು ಜನ ಒಟ್ಟಿಗೆ ಬಿಟ್ಟ ಉಸಿರಿಗೆ ಗಿಡದ ಎಲೆ ಅಲುಗಿತೆಂದು ಹೇಳುತ್ತಾರೆ. ಹೇಳುವವರು ಸ್ವಲ್ಪ ಸೇರಿಸುತ್ತಾರೆ ಎಂದಿಟ್ಟುಕೊಳ್ಳೋಣ. ಸೊಣ್ಣೇಗೌಡ ತಲೆಗೆ ಸುತ್ತಿದ ಬಟ್ಟೆ ತೆಗೆದು, 'ನಾನು ಕಿತ್ತಾಕಿದ್ದು ರೋಗ ಅಲ್ಲ ತಾಯಿ, ನ್ಯಾಯ' ಎಂದು ದ್ಯಾವಕ್ಕನಿಗೆ ಕೈ ಮುಗಿದ. ದ್ಯಾವಕ್ಕನಿಗೆ ಅದೊಂದೂ ಕೇಳಿಸಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಅಕ್ಕಯ್ಯಮ್ಮ ಹಣ್ಣಿನ ಅರ್ಧವನ್ನು ಕಚ್ಚಿ, ಕೆಂಪಾದ ಗಲ್ಲವನ್ನು ಒರೆಸಿಕೊಳ್ಳದೆ, ಅತ್ತು ನಕ್ಕು, 'ನನ್ನ ಮಗ ಮಣ್ಣಾಗಿಲ್ಲ ಕಣೇ. ಎಲ್ಲೋ ದಾರೀಲವ್ನೆ' ಎಂದಳು. ಉಳಿದ ಅರ್ಧವನ್ನು ಸೊಸೆಯ ಬಾಯಿಗಿಟ್ಟಳು. ಆಮೇಲೆ ಅವಳ ಕಂಕುಳಿನ ಗಂಟನ್ನು ಕಿತ್ತುಕೊಂಡು ತನ್ನ ತಲೆಯ ಮೇಲೆ ಹೊತ್ತು, 'ನಡಿ, ಹೋಗಿ ಮುದ್ದೆ ಮಾಡು. ಮೂರು ವರ್ಷದಿಂದ ಹಸಿವಾಗೈತೆ' ಎಂದಳು.

ಕದಿರಪ್ಪ ಮುಂದಿನ ವರ್ಷವೇ ಬಂದನೆಂದು ಕೆಲವರು, ಬರಲೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಬಂದನೆನ್ನುವವರ ಪ್ರಕಾರ ಅವನು ತಂದ ಹೆಸರುಗಳನ್ನು ಊರವರ ನಾಲಿಗೆ ಒಪ್ಪಲಿಲ್ಲ. ಅಷ್ಟರಲ್ಲಿ ದ್ಯಾವಕ್ಕ ಇಟ್ಟ ನಿಪ್ಪಟ್ಟುಹಣ್ಣು, ಬೋಳುಹಣ್ಣು, ಹಾಲುಹಣ್ಣು ಎಂಬ ಹೆಸರುಗಳೇ ಬಳಕೆಗೆ ಬಂದಿದ್ದವು. ಇಂದಿಗೂ ಹಿರೇಗುಟ್ಟೆಯ ಹಿತ್ತಿಲುಗಳಲ್ಲಿ ಮೂರು ವರ್ಷ ತುಂಬದ ಯಾವ ಸಸಿಯನ್ನೂ, ಎಲೆ ಎಂಥ ಬಣ್ಣದ್ದಿರಲಿ, ಯಾರೂ ಕೀಳುವುದಿಲ್ಲ. ದುಡುಕಿ ಮಾತಾಡಿದವರಿಗೆ 'ಗಡುವಿನ ಗುಡ್ಡ ಹತ್ತಿ ಬಾ' ಎನ್ನುವುದು ರೂಢಿ. ವೈಶಾಖದಲ್ಲಿ ಹತ್ತಿ ಹೋದವರು ಬಂಡೆಯ ಹಿಂದಿನ ಕುಳ್ಳು ಗಿಡಗಳನ್ನು ನೋಡಬಹುದು, ತಿಂದವರು ಬಂಡೆಯ ಬಿರುಕಿಗೆ ಒತ್ತಿ ಹೋದ ಓಟೆಗಳನ್ನೂ ನೋಡಬಹುದು. ಮದುವೆಯಾದ ವರ್ಷ ಅತ್ತೆ ಸೊಸೆ ಜೊತೆಯಾಗಿ ಬರುತ್ತಾರೆ. ಒಂದೇ ಹಣ್ಣು ಕೀಳುತ್ತಾರೆ, ಅತ್ತೆ ಮೊದಲು ಅರ್ಧ ತಿಂದು ಉಳಿದರ್ಧವನ್ನು ಸೊಸೆಯ ಬಾಯಿಗಿಡುತ್ತಾಳೆ. ಗುಡ್ಡ ಇಳಿಯುವಾಗ ಸೊಸೆಯ ಗಂಟು ಅತ್ತೆಯ ತಲೆಯ ಮೇಲಿರುತ್ತದೆ.