ಅರಳಿಮರದ ಕೆಳಗೆ ಇಳಿಸದ ಅಂಬಿಗ

ಶಿಷ್ಯ ಕೇಳಿದ: “ಗುರುಗಳೇ, ಎಲ್ಲರೆದುರು ಆಡಿದ ಮಾತನ್ನು ಬದಲಿಸಬಹುದೇ?”

ಯಾವ ಮಾತು ಎಂದು ಗುರುಗಳು ವಿಚಾರಿಸಿದರು. ಊರಿನ ಎರಡು ಮನೆಗಳಿಗೆ ಒಂದೇ ಬಾವಿ. ಬೆಳಗಿನ ನೀರು ಯಾರದು ಎಂಬ ಜಗಳ ಶಿಷ್ಯನ ಬಳಿಗೆ ಬಂದಿತ್ತು. ದೊಡ್ಡ ಮನೆಯವರದು ಎಂದು ಅವನು ತೀರ್ಪು ಕೊಟ್ಟಿದ್ದ. ಆಮೇಲೆ ಹಳಬರನ್ನು ಕೇಳಿದಾಗ, ಆ ಬಾವಿ ತೋಡಿದ್ದೇ ಸಣ್ಣ ಮನೆಯವರು ಎಂದು ಗೊತ್ತಾಯಿತು. ನಾಳೆ ಮತ್ತೆ ಊರವರು ಸೇರಲಿದ್ದರು.

“ಬದಲಿಸಿದರೆ ಮಾತು ತಿರುಗಿಸಿದ ಅನ್ನುತ್ತಾರೆ, ಉಲ್ಟಾ ಹೊಡೆದ ಅನ್ನುತ್ತಾರೆ, ಬಣ್ಣ ಬದಲಿಸಿದ ಅನ್ನುತ್ತಾರೆ. ಅದಕ್ಕೇ ಇಬ್ಬರದೂ ಸರಿ, ನೋಡೋಣ, ಕಾಲ ಬಂದಾಗ ತಿಳಿಯುತ್ತದೆ ಎಂದು ಹೇಳಿ ಎದ್ದು ಬಿಡಲೇ?”

“ಬೈಗುಳದ ಪಟ್ಟಿಯನ್ನಂತೂ ತಪ್ಪಿಲ್ಲದೆ ಒಪ್ಪಿಸಿದೆ. ಪಾಠವನ್ನೂ ಹೀಗೇ ಒಪ್ಪಿಸಿದ್ದರೆ ನನ್ನ ಗಂಟಲು ಉಳಿಯುತ್ತಿತ್ತು. ಕೂತುಕೊ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಇಬ್ಬರು ಅಂಬಿಗರಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಇಬ್ಬರೂ ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಹೊಳೆ ತುಂಬಿದ ದಿನಗಳಲ್ಲಿ ಅಲ್ಲೊಂದು ಕಟ್ಟಳೆ ನಡೆಯುತ್ತಿತ್ತು. ಅಂಬಿಗ ನೀರಿಗೆ ಅರಿಸಿನ ಕುಂಕುಮ ಬಿಟ್ಟು, ಆಚೆ ದಡದಲ್ಲಿ ಎಲ್ಲಿ ಇಳಿಸುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಡಬೇಕು. ಬೇರೆ ಕಡೆ ಇಳಿಸಿದರೆ, ಇಲ್ಲವೇ ನಡುಹೊಳೆಯಿಂದ ಹಿಂದಿರುಗಿದರೆ, ನೀರು ತಳ್ಳುವ ತನ್ನ ಹುಟ್ಟುಗೋಲನ್ನು ಊರಿಗೆ ಒಪ್ಪಿಸಬೇಕು. ಮತ್ತೆಂದೂ ಅವನು ಹರಿಗೋಲು ನಡೆಸುವಂತಿಲ್ಲ. ಆ ಹೊಳೆಯಲ್ಲಿ ಅದುವರೆಗೆ ಮುಳುಗಿದ ಅಂಬಿಗರೆಲ್ಲ ಮಾತು ಉಳಿಸಿಕೊಂಡವರೇ.

ಹಿರಿಯ ಅಂಬಿಗ ಜಾಣ. ತುಂಬಿದ ಹೊಳೆಯನ್ನು ದಾಟಬಹುದೇ ಎಂದು ಯಾರು ಕೇಳಿದರೂ “ದಾಟಬಹುದು, ದಾಟದೇನೂ ಇರಬಹುದು, ಎಲ್ಲಾ ಹೊಳಿಯವ್ವನ ಮನಸು” ಎನ್ನುತ್ತಿದ್ದ. ನೀರು ಇಳಿಯುವವರೆಗೆ ಮೀನಮೇಷ ಎಣಿಸುತ್ತ ದಡದಲ್ಲೇ ಕೂರುತ್ತಿದ್ದ. ನಲವತ್ತು ವರ್ಷಗಳಲ್ಲಿ ಅವನ ಒಂದು ಮಾತೂ ಸುಳ್ಳಾಗಿರಲಿಲ್ಲ. ಊರಿನಲ್ಲಿ ಅವನಿಗೆ ಬಹಳ ಗೌರವವಿತ್ತು. ಕಿರಿಯವನು ಮಾತ್ರ ಆಗುತ್ತದೆ ಎಂದರೆ ಆಗುತ್ತದೆ, ಇಲ್ಲ ಎಂದರೆ ಇಲ್ಲ ಎನ್ನುವ ಜಾತಿಯವನು.

ಒಂದು ಬೆಳಿಗ್ಗೆ ಆಚೆ ದಡದ ಒಬ್ಬ ರೈತ ಎದೆಗೆ ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಹೊಳೆಯನ್ನು ಈಜಿ ಬಂದ. ಅವನ ಹೆಂಡತಿ ಎರಡು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಅವಳು ಕೇಳಿದ ಕೂಡಲೇ ಸೆರಗು ಬಿಗಿದು ಬಂದು ನಿಂತಳು. ಹಿರಿಯ ಅಂಬಿಗ ಮೊದಲು ಹೊಳೆ ನೋಡಿದ, ಆಮೇಲೆ ಆಕಾಶ ನೋಡಿದ, ಕೊನೆಗೆ “ಆಗಬಹುದು, ನೋಡೂಣಂತ” ಎಂದ. ಕಿರಿಯವನು ನೀರನ್ನಷ್ಟೇ ನೋಡಿದ. ಅರಿಸಿನ ಕುಂಕುಮ ಬಿಟ್ಟು, “ಆಗ್ತೈತಿ. ಅರಳಿಮರದ ಕೆಳಗ ಇಳಸ್ತೀನಿ” ಎಂದು ಕೂಗಿ ಹೇಳಿದ. ಸೂಲಗಿತ್ತಿಯನ್ನೂ ರೈತನನ್ನೂ ಕೂರಿಸಿಕೊಂಡು ಹೊರಟ.

ನಡುಹೊಳೆಗೆ ಬರುವಷ್ಟರಲ್ಲಿ ನೀರು ಕೆಂಪಾಯಿತು. ಬೇರುಸಹಿತ ಕಿತ್ತುಬಂದ ಜಾಲಿಗಿಡಗಳು ತೇಲಿ ಬಂದವು. ಮೇಲೆಲ್ಲೋ ಹಳ್ಳವೊಂದು ಉಕ್ಕಿ ಹೊಳೆಗೆ ಸೇರಿತ್ತು. ಅರಳಿಮರದ ಮುಂದಿನ ಬಂಡೆಗಳ ನಡುವೆ ಸುಳಿ ಎದ್ದಿತು. ಅಂಬಿಗ ಅದನ್ನು ಒಮ್ಮೆ ನೋಡಿ, ಹರಿಗೋಲನ್ನು ತಿರುಗಿಸಿದ.

ರೈತ ಅವನ ಕೈ ಹಿಡಿದುಕೊಂಡ. “ಮಾತು ಕೊಟ್ಟೀಯಲ್ಲೋ ಯಣ್ಣಾ.”

“ಕೊಟ್ಟಾಗಿನ ನೀರು ಬ್ಯಾರೆ, ಈಗಿನ ನೀರು ಬ್ಯಾರೆ. ನಾ ಹೇಳಿದ್ದು ತಪ್ಪಾತು” ಎಂದ ಅಂಬಿಗ. “ನಿನಗ ಹೇಣ್ತಿ ಹತ್ರ ಹೋಗೂದೈತೋ, ಆ ಮರದ ಹತ್ರ ಹೋಗೂದೈತೋ?”

ರೈತ ಕೈ ಬಿಟ್ಟ.

ಈಚೆ ದಡಕ್ಕೆ ಮರಳಿ ಬಂದಾಗ ಜನ ನೆರೆದಿದ್ದರು. ನೀನು ಈಗ ಹೇಳಿದೆಯಲ್ಲ, ಆ ಪಟ್ಟಿಯಲ್ಲಿದ್ದದ್ದನ್ನೆಲ್ಲ ಅವನಿಗೆ ಅಂದರು, ಇನ್ನೂ ನಾಲ್ಕು ಸೇರಿಸಿದರು. ದಾಟದೇನೂ ಇರಬಹುದು ಎಂದು ತಾನು ಯಾವಾಗಲೂ ಹೇಳುತ್ತಿರಲಿಲ್ಲವೇ ಎಂದು ಹಿರಿಯ ಅಂಬಿಗ ಎಲ್ಲರಿಗೂ ನೆನಪು ಮಾಡಿಕೊಟ್ಟ. ಊರ ಯಜಮಾನ ಹುಟ್ಟಿಗಾಗಿ ಕೈ ಚಾಚಿದ. ಮಗು ಹುಟ್ಟಿದ ಮೇಲೆ ತಂದೊಪ್ಪಿಸುತ್ತೇನೆ ಎಂದು ಅಂಬಿಗ ಹರಿಗೋಲನ್ನು ತಲೆಯ ಮೇಲೆ ಹೊತ್ತುಕೊಂಡ. ದಂಡೆಗುಂಟ ಮೇಲಕ್ಕೆ ನಡೆದ. ಸೂಲಗಿತ್ತಿ ಮತ್ತು ರೈತ ಅವನ ಹಿಂದೆ ನಡೆದರು, ಆಡಿಕೊಳ್ಳುತ್ತ ಜನರೂ ನಡೆದರು.

ಹೊಳೆ ಅಗಲವಾಗಿ ಹರಿಯುವ ತಿರುವಿನಲ್ಲಿ ಅವನು ಹರಿಗೋಲು ಇಳಿಸಿದ. ಕಟ್ಟಳೆಯಂತೆ ಮತ್ತೆ ಕೂಗಿ ಹೇಳಿದ: “ಈ ಸಲ ಕುಂಬಾರರ ಆವಿಗಿ ಮಗ್ಗಲ ಇಳಸ್ತೀನಿ. ನೀರು ಬದಲಾದ್ರ ಅದನ್ನೂ ಬದಲಸ್ತೀನಿ.”

ಅಂಥ ಮಾತನ್ನು ಆ ಹೊಳೆಯ ದಡದಲ್ಲಿ ಯಾರೂ ಕೇಳಿರಲಿಲ್ಲ. ನಗಬೇಕೋ ಬೈಯಬೇಕೋ ತಿಳಿಯದೆ ಜನ ನಿಂತರು. ಹರಿಗೋಲು ಓರೆಯಾಗಿ ಸಾಗಿತು. ಎರಡು ಸಲ ಗಿರಕಿ ಹೊಡೆಯಿತು. ಸೆಳೆತ ಬಂದ ಕಡೆ ಅವನು ಬಿಟ್ಟುಕೊಟ್ಟ, ಸಡಿಲವಾದ ಕಡೆ ಜೋರಾಗಿ ಹುಟ್ಟು ಹಾಕಿದ. ಕೊನೆಗೆ ಕುಂಬಾರರು ಮಡಕೆ ಸುಡುವ ಆ ಆವಿಗೆಗಿಂತ ನೂರು ಹೆಜ್ಜೆ ಕೆಳಗೆ ದಡ ಮುಟ್ಟಿದ. ಸೂಲಗಿತ್ತಿ ಹಿಂದೆ ನೋಡದೆ ಓಡಿದಳು.

ಈಚೆ ದಡದಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಆಚೆ ದಡದಿಂದ ಕಂಚಿನ ಗಂಗಾಳ ಬಾರಿಸುವ ಸದ್ದು ಕೇಳಿಸಿತು. ಮಗು ಹುಟ್ಟಿದಾಗ ಬಾರಿಸುವ ಗಂಗಾಳ. ಬೆಳಿಗ್ಗೆ ಬೈದವರೇ ಪೇಟ ತೆಗೆದು ಗಾಳಿಯಲ್ಲಿ ಬೀಸಿದರು. ಹೆಂಗಸರು ಹೊಳೆಗೆ ಕೈಮುಗಿದು ಅತ್ತರು. ಎಷ್ಟೋ ವರ್ಷಗಳಿಂದ ಹೆಣಗಳನ್ನು ಹುಡುಕಿ ಅಭ್ಯಾಸವಾಗಿದ್ದ ಆ ದಡಕ್ಕೆ ಅಷ್ಟು ಸಂತೋಷವನ್ನು ಹೇಗೆ ತಡೆದುಕೊಳ್ಳಬೇಕೆಂದು ತಿಳಿಯಲಿಲ್ಲ.

ಮರುದಿನ ನೀರು ಇಳಿದಾಗ ಅಂಬಿಗ ಸೂಲಗಿತ್ತಿಯನ್ನು ಕರೆದುಕೊಂಡು ಬಂದ. ಯಾರೂ ಕೇಳದಿದ್ದರೂ ಹುಟ್ಟನ್ನು ಯಜಮಾನನ ಮುಂದೆ ಇಟ್ಟ. ಹೇಳಿದ ಜಾಗದಲ್ಲಿ ಇಳಿಸಲಿಲ್ಲವಲ್ಲ, ಅದೂ ಎರಡು ಸಲ. ಕಟ್ಟಳೆಯನ್ನು ದಾಟುವ ಧೈರ್ಯ ಯಜಮಾನನಿಗಿರಲಿಲ್ಲ. ಅವನು ಹುಟ್ಟಿಗೆ ಕೈ ಹಾಕಿದ.

ಸೂಲಗಿತ್ತಿ ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. “ಅಡ್ಡಾಗಿದ್ದ ಕೂಸನ್ನ ಈ ಕೈಲೇ ತಿರುಗಿಸೀನಿ, ಅದಕ್ಕ ತಾಯಿ ಕೂಸು ಇಬ್ಬರೂ ಉಳದಾರ. ತಿರುಗಿಸಿದ್ದು ತಪ್ಪಂದ್ರ ಇವನ್ನೂ ತಗೋರಿ.”

ಯಜಮಾನ ಹುಟ್ಟನ್ನು ಎತ್ತಿ ಅಂಬಿಗನ ಕೈಗೆ ಕೊಟ್ಟ. ಅಂದಿನಿಂದ ಆ ಹೊಳೆಯಲ್ಲಿ ಅಂಬಿಗರು ಎಲ್ಲಿ ಇಳಿಸುತ್ತೇವೆಂದು ಹೇಳುವುದನ್ನು ಬಿಟ್ಟರು. ಯಾರನ್ನು ದಾಟಿಸುತ್ತೇವೆಂದು ಹೇಳಿ ಹೊರಡತೊಡಗಿದರು. ಆಮೇಲೆ ಅಲ್ಲಿ ಒಂದು ಹರಿಗೋಲೂ ಮುಳುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆದರೂ ಗುರುಗಳೇ, ಆ ಹಿರಿಯ ಅಂಬಿಗನ ಮಾತು ಕೊನೆಯವರೆಗೂ ಒಂದೂ ಸುಳ್ಳಾಗಲಿಲ್ಲವಲ್ಲ?”

“ಸುಳ್ಳಾಗಬೇಕಾದರೆ ಅವನು ಮೊದಲು ಏನಾದರೂ ಹೇಳಿರಬೇಕಲ್ಲಪ್ಪ” ಎಂದರು ಗುರುಗಳು.