ಮರದ ಅಟ್ಟೆ

“ಅಜ್ಜಾರ, ನಾ ಹೇಳೂದು ಸರಿಯಾಗೇ ಹೇಳತೀನ್ರಿ. ಆದರೂ ಕೆಲಸ ಕೆಡತೈತಿ. ತಪ್ಪು ಯಾರದ್ರಿ?”

ಗುರುಗಳನ್ನು ಹೀಗೆ ಕೇಳಿದವನು ಚನ್ನಮಲ್ಲ, ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ. ಮಾತಿನಲ್ಲಿ ಸಿಟ್ಟಿತ್ತು. ತೆಳ್ಳಗೆ ಬಡಿ ಎಂದು ರೊಟ್ಟಿ ಬಡಿಯುವ ಪಾರವ್ವನಿಗೆ ದಿನಾ ಹೇಳುತ್ತಿದ್ದ. ರೊಟ್ಟಿ ದಪ್ಪವೇ ಬರುತ್ತಿತ್ತು. ಆಕೆಯನ್ನು ಬಿಡಿಸಿ ಬೇರೊಬ್ಬರನ್ನು ಇಟ್ಟುಕೊಳ್ಳಲು ಅವನಿಗೆ ಅಪ್ಪಣೆ ಬೇಕಿತ್ತು.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೈಯಲೂ ಇಲ್ಲ. ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಅವನಿಗೆ ಒಬ್ಬಳೇ ಮಗಳು, ತಾಯಿ ಇಲ್ಲದ ಕೂಸು. ಅವಳ ಒಂದು ಕಾಲು ಹುಟ್ಟಿನಿಂದ ಗಿಡ್ಡ. ಆ ಕಾಲಿನ ಚಪ್ಪಲಿಗೆ ಎತ್ತರದ ಮರದ ಅಟ್ಟೆ ಬೇಕು. ಪಾದ ಕೂರುವ ತಗ್ಗು ಪಾದದ ಹಾಗೆಯೇ ಇರಬೇಕು. ಅವಳು ಬೆಳೆದಂತೆಲ್ಲ ಅಟ್ಟೆ ಬದಲಾಗಬೇಕು. ಬಡಗಿ ಕೈಯಿಂದಲೇ ಕೆತ್ತುತ್ತಿದ್ದ. ಕೆತ್ತುವುದು, ಅವಳ ಕಾಲಿಗೆ ಹಾಕುವುದು, ಚುಚ್ಚುತ್ತದೆಯೇ ಎಂದು ಕೇಳುವುದು, ಮತ್ತೆ ಕೆತ್ತುವುದು. ಒಂದು ಅಟ್ಟೆ ಮುಗಿಯುವಷ್ಟರಲ್ಲಿ ಅವನ ಬೆನ್ನು ಸೋಲುತ್ತಿತ್ತು.

ಅವನು ಜಾಣ. ಜಾಣತನ ಸುಮ್ಮನೆ ಕೂರುವುದಿಲ್ಲ. ಹಳೆಯ ಪ್ರಿಂಟರುಗಳ ಮೋಟಾರು ಬಿಚ್ಚಿ ಮನೆಯಲ್ಲೇ ಒಂದು ಸಿಎನ್‌ಸಿ ಯಂತ್ರ ಕಟ್ಟಿದ. ಕಂಪ್ಯೂಟರಿಗೆ ಪಾದದ ಅಳತೆ ಕೊಟ್ಟರೆ ಸಾಕು, ಯಂತ್ರ ತಾನೇ ಮರ ಕೆತ್ತುತ್ತದೆ. ಕಂಪ್ಯೂಟರು ಇಷ್ಟು ಹೆಜ್ಜೆ ಹೋಗು ಎನ್ನುತ್ತದೆ, ಮೋಟಾರು ಹೋಗುತ್ತದೆ. ಹೋಯಿತೋ ಇಲ್ಲವೋ ಎಂದು ಕಂಪ್ಯೂಟರು ತಿರುಗಿ ಕೇಳುವುದಿಲ್ಲ. ತಾನು ಹೇಳಿದ್ದನ್ನೇ ಆದದ್ದೆಂದು ಪರದೆಯ ಮೇಲೆ ತೋರಿಸುತ್ತದೆ.

ಮೊದಲ ಅಟ್ಟೆ ಕಣ್ಣಿಗೆ ಕಾಣುವಷ್ಟು ಡೊಂಕಾಯಿತು. ಬಡಗಿ ಮರವನ್ನು ದೂರಿದ. ಕುಣಿಯಲಾರದವಳಿಗೆ ನೆಲ ಡೊಂಕು. ಮರ ಬದಲಿಸಿದ. ಕೊರೆಯುವ ಬಿಟ್ ಬದಲಿಸಿದ. ಕರೆಂಟನ್ನು ಬೈದ. ಕೊನೆಗೆ ಮರವನ್ನೇ ಇಡದೆ ಯಂತ್ರವನ್ನು ಬರಿ ಗಾಳಿಯಲ್ಲಿ ಓಡಿಸಿ ನೋಡಿದ. ಅದು ಸುತ್ತಿ ಬಂದು, ಹೊರಟ ಜಾಗದಲ್ಲೇ ಕೂದಲೆಳೆ ತಪ್ಪದೆ ನಿಂತಿತು. ಗಾಳಿ ಕೆತ್ತುವುದರಲ್ಲಿ ಯಾವ ಯಂತ್ರ ಸೋಲುತ್ತದೆ? ಅದು ಅವನಿಗೆ ಹೊಳೆಯಲಿಲ್ಲ. ಯಂತ್ರದಲ್ಲಿ ದೋಷವಿಲ್ಲ ಎಂದು ನಿಶ್ಚಯಿಸಿಬಿಟ್ಟ.

ಮುಂದಿನ ಅಟ್ಟೆ ಕಣ್ಣಿಗೆ ನೆಟ್ಟಗೇ ಕಂಡಿತು. ಮಗಳು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು.

“ಅಪ್ಪಾ, ಹಿಮ್ಮಡದ ಹತ್ರ ಚುಚ್ಚತೈತಿ.”

ಬಡಗಿ ಪರದೆ ನೋಡಿದ. ಅಂಕಿಗಳೆಲ್ಲ ಸರಿಯಾಗಿದ್ದವು. “ಅಳತಿ ಬರೋಬ್ಬರಿ ಐತವ್ವಾ. ಹೊಸಾದು, ರೂಢಿ ಆಗತೈತಿ.”

ಅವಳು ಮತ್ತೆ ಹೇಳಿದಳು. ಅವನೂ ಅದನ್ನೇ ಹೇಳಿದ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಅಪ್ಪ ಇಷ್ಟು ಕಷ್ಟಪಟ್ಟು ಮಾಡಿದ್ದು ತಪ್ಪಾಗಿರಲಾರದು, ತನ್ನ ಕಾಲೇ ಸರಿಯಿಲ್ಲ ಎಂದುಕೊಂಡಳು. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ನಡೆದಳು. ಮಗಳು ಸುಮ್ಮನಾದಳು, ಅಟ್ಟೆ ಹೊಂದಿತು ಎಂದು ಬಡಗಿ ಹಿಗ್ಗಿದ.

ಅವಳು ಜ್ವರ ಬಂದು ಮಲಗಿದಾಗ ಅವನು ಆ ಬಟ್ಟೆ ಬಿಚ್ಚಿ ನೋಡಿದ. ಗಾಯ ಕೀವುಗಟ್ಟಿ ಮೂಳೆಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಪಾದ ತೆಗೆದರು.

ಬಡಗಿ ಮನೆಗೆ ಬಂದು ಯಂತ್ರಕ್ಕೆ ಮರ ಕೊಟ್ಟ. ಈ ಸಲ ಪರದೆ ನೋಡಲಿಲ್ಲ, ಮೋಟಾರಿನ ಮೇಲೆ ಕೈ ಇಟ್ಟ. ಮರ ಗಟ್ಟಿಯಿದ್ದ ಕಡೆ ಮೋಟಾರು ಮುಂದೆ ಹೋಗಲಾರದೆ ನಿಂತಲ್ಲೇ ನಡುಗುತ್ತಿತ್ತು. ಪರದೆಯ ಮೇಲೆ ಅಂಕಿ ಓಡುತ್ತಲೇ ಇತ್ತು. ಅಲ್ಲಿ ತಪ್ಪಿದ ಹೆಜ್ಜೆ ಮುಂದಿನದನ್ನೆಲ್ಲ ಪಕ್ಕಕ್ಕೆ ತಳ್ಳುತ್ತಿತ್ತು. ಬೇಗ ಮುಗಿಯಲಿ ಎಂದು ವೇಗ ಏರಿಸಿದವನು ಅವನೇ. ವೇಗ ಇಳಿಸಿ ಇನ್ನೊಂದು ಕೆತ್ತಿದ. ಆ ಅಟ್ಟೆ ಎಲ್ಲೂ ತಪ್ಪದೆ ಬಂತು. ಹಾಕಿಕೊಳ್ಳಲು ಪಾದ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಹೇಳಿದ: “ತಪ್ಪು ಆ ಯಂತ್ರದ್ದೇ ಆತಲ್ರಿ. ಅದಕ್ಕ ತಿರುಗಿ ಕೇಳೂದು ಗೊತ್ತಿರಲಿಲ್ಲ.”

ಗುರುಗಳು ಅಡುಗೆಮನೆಯ ಕಡೆ ನೋಡಿದರು.

“ಪಾರವ್ವನ ಬಲಗೈ ಬಾತೈತಲ್ಲ, ಯಾಕಂತ ಕೇಳೀಯೇನಪ್ಪಾ?”

ಚನ್ನಮಲ್ಲ ಎದ್ದು ಅಡುಗೆಮನೆಯ ಕಡೆ ನಡೆದ.