ಮರಳು ಬೆರೆಸದ ಮಣ್ಣು

"ಗುರುಗಳೇ, ಹತ್ತಿರದವರೇ ಬಂದು ಕರೆದರೂ ಕರಗದೆ ನಿಲ್ಲುವುದು ಬಲವಲ್ಲವೇ?" ಎಂದು ಅಡಿವೆಪ್ಪ ಕೇಳಿದ.

ಅವನು ಮಠ ಸೇರಿ ಎರಡು ವರ್ಷವಾಗಿತ್ತು. ಅವನನ್ನು ಇಲ್ಲಿಗೆ ಓದಲು ಕಳಿಸುವುದಕ್ಕಾಗಿ ತಂಗಿ ತನ್ನ ಓದು ಬಿಟ್ಟು ಕೂಲಿಗೆ ಹೋಗಿದ್ದಳು. ಆ ತಂಗಿ ಮೂರು ದಿನದಿಂದ ರೊಟ್ಟಿಯ ಗಂಟು ಹಿಡಿದು ಮಠದ ಬಾಗಿಲಲ್ಲಿ ಕೂತಿದ್ದಳು. 'ನನಗೆ ಯಾರೂ ಇಲ್ಲ' ಎಂದು ಅಡಿವೆಪ್ಪ ಹೇಳಿ ಕಳಿಸಿದ್ದ. ಗುರುಗಳು ಮೆಚ್ಚುತ್ತಾರೆಂದು ಅವನಿಗೆ ಒಳಗೊಳಗೇ ಹಿಗ್ಗು.

"ಬಲವೇ? ಭೇಷ್! ಹಾಗಾದರೆ ಕೇಳು," ಎಂದು ಗುರುಗಳು ಕತೆ ತೆಗೆದರು.

ಒಬ್ಬ ಕುಂಬಾರನಿದ್ದ. ಅವನ ಎರಡೂ ಮೂತ್ರಪಿಂಡಗಳು ಕೆಟ್ಟವು. ತಂಗಿ ತನ್ನದೊಂದನ್ನು ಕೊಟ್ಟಳು. ವೈದ್ಯರು ಅದನ್ನು ಜೋಡಿಸಿ, ದಿನವೂ ನುಂಗಲು ಒಂದು ಮಾತ್ರೆ ಕೊಟ್ಟು ಕುಂಬಾರನಿಗೆ ತಿಳಿಹೇಳಿದರು.

"ಮೈಯೊಳಗೆ ರೋಗ ತಡೆಯುವ ಕಾವಲಿದೆ. ಅದಕ್ಕೆ ನಿನ್ನ ತಂಗಿಯೂ ಹೊರಗಿನವಳೇ. ಅವಳು ಕೊಟ್ಟಿದ್ದನ್ನು ಕೊಲ್ಲಲು ಅದು ದಂಡು ಕಟ್ಟುತ್ತದೆ. ಈ ಮಾತ್ರೆ ಆ ದಂಡು ಬೆಳೆಯಗೊಡುವುದಿಲ್ಲ. ಇದರ ಮೂಲ ನೀನು ತುಳಿಯುವ ಮಣ್ಣಿನಲ್ಲೇ ಇದೆ. ಅಲ್ಲೊಂದು ಬ್ಯಾಕ್ಟೀರಿಯಾ, ಪಕ್ಕದ ಬೂಷ್ಟು ಹಬ್ಬದಿರಲೆಂದು ಒಂದು ರಸ ಮಾಡುತ್ತದೆ. ಬೂಷ್ಟನ್ನು ತಡೆಯುವ ಆ ರಸವೇ ನಿನ್ನ ಕಾವಲನ್ನೂ ತಡೆಯುತ್ತದೆ. ಆ ಬ್ಯಾಕ್ಟೀರಿಯಾವನ್ನು ಸಾಕಿ, ರಸ ತೆಗೆದು, ಮಾತ್ರೆ ಮಾಡುತ್ತಾರೆ," ಎಂದರು.

ಕುಂಬಾರ ಒಂದು ವರ್ಷ ನುಂಗಿದ. ಮೈ ತುಂಬಿಕೊಂಡಿತು. ಮೈಯ ಜೊತೆ ಸೊಕ್ಕೂ ತುಂಬಿತು.

"ಗಟ್ಟಿ ಆಳನ್ನು ಮೆತ್ತಗೆ ಮಾಡುವುದೂ ಒಂದು ಔಷಧಿಯೇ? ಅದೂ ನನ್ನ ಕಾಲಡಿಯ ಹುಳುವಿನ ಎಂಜಲು! ಥೂ!" ಎಂದು ಮಾತ್ರೆಗಳನ್ನು ತಿಪ್ಪೆಗೆ ಎಸೆದ. ಊರಿಗೆಲ್ಲ ನೆಗಡಿ ಬಂದರೂ ಅವನಿಗೆ ಬರಲಿಲ್ಲ. ಎದೆಯುಬ್ಬಿಸಿ ತಿರುಗಿದ. ಒಳಗೆ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಕಾಲು, ಮುಖ ಬಾತುಕೊಂಡ ಮೇಲೆ ಆಸ್ಪತ್ರೆಗೆ ಹೊತ್ತೊಯ್ದರು. ತಂಗಿ ಕೊಟ್ಟದ್ದು ಉಳಿಯಲಿಲ್ಲ.

ತಂಗಿ ಬಂದು ಮಂಚದ ಪಕ್ಕ ಕೂತಳು. ಬೈಯಲಿಲ್ಲ. "ಅಣ್ಣಾ, ಮರಳು ಬೆರೆಸಿ ಮಣ್ಣಿನ ಜಿಗುಟು ತಗ್ಗಿಸದಿದ್ದರೆ ಒಣಗುವಾಗಲೇ ಗಡಿಗೆ ಬಿರುಕು ಬಿಡುತ್ತದೆ ಅಂತ ನನಗೆ ಹೇಳಿಕೊಟ್ಟವನು ನೀನು. ಗಡಿಗೆಗೆ ತೋರಿಸುವ ಬುದ್ಧಿಯನ್ನು ನಾನು ಕೊಟ್ಟಿದ್ದಕ್ಕೆ ತೋರಿಸಲಿಲ್ಲವಲ್ಲೋ," ಎಂದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಕುಂಬಾರನಿಗೆ. ಅವಳ ಮುಖ ನೋಡುತ್ತಾ ಬಿಕ್ಕಿಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಕಿವಿ ಬಿಸಿಯಾಗಿತ್ತು. ತಾನು ಹೇಳಿ ಕಳಿಸಿದ ಮಾತು ನೆನಪಾಗಿ ನಾಚಿಕೆಯಿಂದ ತಲೆ ಎತ್ತಲಾರದೆ, "ಅವನು ಎಂಥ ಮೂರ್ಖ, ಗುರುಗಳೇ," ಎಂದು ತೊದಲಿದ.

"ಅವನು ತಂಗಿಯ ಮುಖ ನೋಡಿಯಾದರೂ ಅತ್ತ, ಅಡಿವೆಪ್ಪ, ನೀನಿನ್ನೂ ಮುಖವನ್ನೇ ನೋಡಿಲ್ಲ."